ಬಯಾಲಜಿಗೆ ಬೇಕಾದಷ್ಟು ಕೆಮಿಸ್ಟ್ರಿ: ಅಡುಗೆಮನೆ, ಅಂಗಳ, ತೋಟದಲ್ಲೇ ಕಲಿಯುವ ದಾರಿ

ಉಡುಪಿಯ ನಮ್ಮ ಮನೆಗೆ ಸಂಜೆ ಹೊತ್ತು ಒಂದಷ್ಟು ಪಿಯುಸಿ ಮಕ್ಕಳು ಬಯಾಲಜಿ ಹೇಳಿಸಿಕೊಳ್ಳಲು ಬರುತ್ತಾರೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರೇ ಜಾಸ್ತಿ. ಎಲೆ, ಬೇರು, ಹೃದಯ, ಕಿಡ್ನಿ ಎಂದರೆ ಅವರಿಗೆ ಖುಷಿ. ಬಯೋಮಾಲಿಕ್ಯೂಲ್ಸ್, ಅಂದರೆ ಜೀವಿಗಳ ಅಣುಗಳ ಪಾಠ ತೆರೆದ ದಿನ ಮಾತ್ರ ಮುಖ ಸಪ್ಪೆಯಾಗುತ್ತದೆ. "ಇದು ಕೆಮಿಸ್ಟ್ರಿ ಅಲ್ವಾ ಟೀಚರ್, ನಮಗೆ ಯಾಕೆ?" ಎಂದು ಕೇಳುತ್ತಾರೆ.

ಎಲೆ ಆಹಾರ ತಯಾರಿಸುವುದು ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು. ಹೃದಯ ಬಡಿಯುವುದು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು ಪ್ಲಸ್ ಆದ ಪರಮಾಣುಗಳು, ಜೀವಕೋಶದ ಒಳಗೂ ಹೊರಗೂ ಓಡಾಡುವುದರಿಂದ. ಅದಕ್ಕೇ ಬೇಕು. ಆದರೆ ಬೇಕಾದದ್ದು ಸ್ವಲ್ಪವೇ. ನಾನು ಓದುವಾಗ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಬರೆದು, ಮರುತಿಂಗಳೇ ಮರೆತಿದ್ದೆ. ಕಲಿಸಲು ಕುಳಿತ ಮೇಲೆ ಗೊತ್ತಾಯಿತು, ಇಡೀ ಪಾಠವನ್ನು ಒಂದೇ ಪ್ರಶ್ನೆ ಹಿಡಿದುಕೊಂಡು ದಾಟಬಹುದು. ಎಲೆಕ್ಟ್ರಾನನ್ನು ಯಾರು ಜಾಸ್ತಿ ಎಳೆಯುತ್ತಿದ್ದಾರೆ? ಇಷ್ಟೇ ಪ್ರಶ್ನೆ.

ಕೆಳಗಿನ ಕ್ರಮದಲ್ಲೇ ಹೋಗಿ. ದಿನಕ್ಕೆ ಒಂದು ಗಂಟೆ ಕೊಟ್ಟರೆ ಒಂದು ವಾರ ಸಾಕು. ಪ್ರಯೋಗಗಳನ್ನು ಓದಿ ಬಿಡಬೇಡಿ, ಮಾಡಿ ನೋಡಿ.

ಮೊದಲ ಹೆಜ್ಜೆ: ನಾಲ್ಕು ಪರಮಾಣು, ಹತ್ತು ಕೈ

ನಮ್ಮ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ನಾಲ್ಕೇ ಧಾತುಗಳದ್ದು. ಆಕ್ಸಿಜನ್ ಸುಮಾರು 65, ಕಾರ್ಬನ್ 18, ಹೈಡ್ರೋಜನ್ 10, ನೈಟ್ರೋಜನ್ 3. ಪೀರಿಯಾಡಿಕ್ ಟೇಬಲ್ ಇಡೀ ಕಲಿಯುವ ಹೆದರಿಕೆ ಬೇಡ. ಈ ನಾಲ್ಕು ಮೊದಲು, ಆಮೇಲೆ ರಂಜಕ, ಗಂಧಕ, ಮತ್ತೆ ಒಂದಿಷ್ಟು ಲವಣಗಳು.

ಒಂದೊಂದು ಪರಮಾಣುವಿಗೂ ಇಂತಿಷ್ಟು ಕೈಗಳಿವೆ ಎಂದುಕೊಳ್ಳಿ. ಹೈಡ್ರೋಜನ್‌ಗೆ 1, ಆಕ್ಸಿಜನ್‌ಗೆ 2, ನೈಟ್ರೋಜನ್‌ಗೆ 3, ಕಾರ್ಬನ್‌ಗೆ 4. ಯಾವ ಕೈಯೂ ಖಾಲಿ ಇರಬಾರದು. ಎರಡು ಪರಮಾಣುಗಳು ಕೈ ಹಿಡಿದರೆ ಅವು ಒಂದು ಜೊತೆ ಎಲೆಕ್ಟ್ರಾನನ್ನು ಹಂಚಿಕೊಂಡಿವೆ ಎಂದು ಅರ್ಥ. ಹೈಸ್ಕೂಲಿನಲ್ಲಿ ಇದನ್ನು ಸಹವೇಲೆನ್ಸಿ ಬಂಧ ಎಂದು ಕಲಿತಿದ್ದೀರಿ, ಕಾಲೇಜಿನಲ್ಲಿ ಕೋವೇಲೆಂಟ್ ಬಾಂಡ್ ಎನ್ನುತ್ತಾರೆ. ಎರಡೂ ಒಂದೇ.

ಗೋಧಿ ಹಿಟ್ಟು ಕಲಸಿ ಸಣ್ಣ ಉಂಡೆ ಮಾಡಿ. ಅರಿಶಿನ, ಕುಂಕುಮ ಹಾಕಿ ಬಣ್ಣ ಬೇರೆ ಬೇರೆ ಮಾಡಿ. ಹಿಡಿಸೂಡಿಯಿಂದ (ಕಡ್ಡಿ ಪೊರಕೆ) ನಾಲ್ಕೈದು ಕಡ್ಡಿ ತೆಗೆದು ತುಂಡು ಮಾಡಿ, ಅವೇ ಕೈಗಳು. ಈಗ ನೀರು ಮಾಡಿ, ಅಂದರೆ ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಮೀಥೇನ್ ಮಾಡಿ, ಅಮೋನಿಯಾ ಮಾಡಿ. ಕಾರ್ಬನ್ ಡೈಆಕ್ಸೈಡ್ ಮಾಡುವಾಗ ಒಂದೊಂದೇ ಕಡ್ಡಿ ಹಾಕಿದರೆ ಕೈಗಳು ಖಾಲಿ ಉಳಿಯುತ್ತವೆ. ಆಗ ಒಂದೊಂದು ಆಕ್ಸಿಜನ್ ಜೊತೆಗೂ ಎರಡೆರಡು ಕಡ್ಡಿ ಹಾಕಬೇಕಾಗುತ್ತದೆ. ಡಬಲ್ ಬಾಂಡ್ ಎಂದರೆ ಅದು. ಹೀಗೆ ಕೈಯಲ್ಲಿ ಮಾಡಿದ ಮಗು ಕಾರ್ಬನ್‌ಗೆ ಐದು ಗೆರೆ ಎಳೆಯುವ ತಪ್ಪನ್ನು ಮತ್ತೆ ಮಾಡಿದ್ದು ನಾನು ನೋಡಿಲ್ಲ.

ಎರಡನೆಯದು: ಹಗ್ಗಜಗ್ಗಾಟ

ಅಷ್ಟಮಿಯ ಮರುದಿನ ಮೊಸರುಕುಡಿಕೆ ಆಟಗಳಲ್ಲಿ ಹಗ್ಗಜಗ್ಗಾಟ ನೋಡಿದ್ದೀರಿ ಅಲ್ವಾ? ಬಂಧದಲ್ಲೂ ಅದೇ ನಡೆಯುತ್ತದೆ. ಹಗ್ಗದ ಜಾಗದಲ್ಲಿ ಎಲೆಕ್ಟ್ರಾನ್ ಜೋಡಿ. ಯಾರ ಎಳೆತ ಎಷ್ಟು ಎನ್ನಲು ಲೈನಸ್ ಪೌಲಿಂಗ್ 1932ರಲ್ಲಿ ಒಂದು ಅಳತೆ ಕೊಟ್ಟರು. ಆಕ್ಸಿಜನ್ 3.4, ನೈಟ್ರೋಜನ್ 3.0, ಕಾರ್ಬನ್ 2.6, ಹೈಡ್ರೋಜನ್ 2.2. ಈ ನಾಲ್ಕು ಅಂಕಿಗಳನ್ನು ಮಾತ್ರ ಬಾಯಿಪಾಠ ಮಾಡಿ. ಇನ್ನೇನೂ ಬೇಡ.

ಕಾರ್ಬನ್, ಹೈಡ್ರೋಜನ್ ನಡುವೆ ಎಳೆತ ಹೆಚ್ಚುಕಡಿಮೆ ಸಮ. ಹಗ್ಗ ನಡುವಲ್ಲೇ ನಿಂತಿದೆ. ಎಣ್ಣೆ, ಮೇಣ, ಪೆಟ್ರೋಲ್ ಎಲ್ಲ ಈ ಜಾತಿ. ಆಕ್ಸಿಜನ್, ಹೈಡ್ರೋಜನ್ ಸಿಕ್ಕಿದರೆ ಆಕ್ಸಿಜನ್ ಹಗ್ಗವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅದರ ತುದಿ ಸ್ವಲ್ಪ ಮೈನಸ್, ಹೈಡ್ರೋಜನ್ ತುದಿ ಸ್ವಲ್ಪ ಪ್ಲಸ್. ಪೋಲಾರ್ ಎಂಬ ಪದಕ್ಕೆ ಇಷ್ಟೇ ಅರ್ಥ. ಇನ್ನು ಸೋಡಿಯಂ 0.9, ಕ್ಲೋರಿನ್ 3.2. ಅಲ್ಲಿ ಹಗ್ಗವೇ ಕೈತಪ್ಪಿ ಹೋಗುತ್ತದೆ. ಕ್ಲೋರಿನ್ ಎಲೆಕ್ಟ್ರಾನನ್ನು ಕಿತ್ತುಕೊಂಡು ಮೈನಸ್ ಅಯಾನು ಆಗುತ್ತದೆ, ಕಳೆದುಕೊಂಡ ಸೋಡಿಯಂ ಪ್ಲಸ್ ಅಯಾನು. ಅಡುಗೆ ಉಪ್ಪು ಇವೆರಡರ ರಾಶಿ.

ಸಮ ಎಳೆತ, ಓರೆ ಎಳೆತ, ಕಿತ್ತುಕೊಳ್ಳುವುದು ಎಂಬ ಈ ಮೂರನ್ನು ಪುಸ್ತಕದ ಮೊದಲ ಪುಟದಲ್ಲಿ ಚಿತ್ರವಾಗಿ ಬರೆದಿಟ್ಟುಕೊಳ್ಳಿ. ಮುಂದೆ ಪ್ರತಿ ಸಲವೂ ಇಲ್ಲಿಗೇ ಬರುತ್ತೇವೆ.

ಮೂರನೆಯದು: ನೀರಿಗೆ ಎರಡು ದಿನ ಕೊಡಿ

ಇದನ್ನು ಅವಸರದಲ್ಲಿ ಮುಗಿಸಬೇಡಿ. ನೀರು ಅರ್ಥವಾದರೆ ಬಯಾಲಜಿಯ ಅರ್ಧ ಕೆಮಿಸ್ಟ್ರಿ ಅರ್ಥವಾದಂತೆ.

ನೀರಿನ ಅಣು ನೇರ ಗೆರೆಯಲ್ಲ. 104.5 ಡಿಗ್ರಿಯಲ್ಲಿ ಬಾಗಿದೆ. ಹಾಗಾಗಿ ಒಂದು ಕಡೆ ಮೈನಸ್, ಇನ್ನೊಂದು ಕಡೆ ಪ್ಲಸ್. ಒಂದು ಅಣುವಿನ ಪ್ಲಸ್ ತುದಿ ಪಕ್ಕದ ಅಣುವಿನ ಮೈನಸ್ ತುದಿಗೆ ಅಂಟುತ್ತದೆ. ಇದು ಹೈಡ್ರೋಜನ್ ಬಂಧ. ಅಣುವಿನ ಒಳಗಿನ ಬಂಧಕ್ಕೆ ಹೋಲಿಸಿದರೆ ಇದರ ಬಲ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಕ್ಷಣಕ್ಷಣಕ್ಕೂ ಕಡಿಯುತ್ತದೆ, ಮತ್ತೆ ಕೂಡುತ್ತದೆ. ಆದರೆ ಸಂಖ್ಯೆ ದೊಡ್ಡದು. 18 ಗ್ರಾಂ ನೀರಿನಲ್ಲಿ, ಅಂದರೆ ಮೂರೂವರೆ ಚಮಚದಲ್ಲಿ, 6 ಬರೆದು ಮುಂದೆ 23 ಸೊನ್ನೆ ಹಾಕಿದಷ್ಟು ಅಣುಗಳಿವೆ. ಅಷ್ಟೂ ಒಂದಕ್ಕೊಂದು ಅಂಟಿಕೊಂಡರೆ ಏನಾಗುತ್ತದೆ ನೋಡಿ.

ಮಳೆ ಬಿದ್ದಾಗ ಅಂಗಳದ ಬದಿಯ ಕೆಸುವಿನ ಎಲೆ ನೋಡಿ. ಪತ್ರೊಡೆಗೆ ಕೊಯ್ಯುವ ಅದೇ ಕೆಸು. ಎಲೆ ಮೇಲೆ ಸಣ್ಣ ಸಣ್ಣ ಉಬ್ಬು, ಅದರ ಮೇಲೆ ಮೇಣ. ಮೇಣದಲ್ಲಿ ಕಾರ್ಬನ್, ಹೈಡ್ರೋಜನ್, ಸಮ ಎಳೆತ. ನೀರಿಗೆ ಹಿಡಿದುಕೊಳ್ಳಲು ಅಲ್ಲಿ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ. ಅದಕ್ಕೇ ಅದು ತನ್ನನ್ನೇ ತಾನು ಹಿಡಿದುಕೊಂಡು ಉಂಡೆಯಾಗಿ ಉರುಳುತ್ತದೆ. ಅದೇ ನೀರನ್ನು ಹತ್ತಿ ಬಟ್ಟೆ ಮೇಲೆ ಬಿಡಿ, ಹೀರಿ ಹೋಗುತ್ತದೆ. ಹತ್ತಿಯಲ್ಲಿ ಆಕ್ಸಿಜನ್, ಹೈಡ್ರೋಜನ್ ಸೇರಿದ ತುದಿಗಳು ತುಂಬ ಇವೆ.

ಒಂದು ಬಟ್ಟಲು ನೀರಿನ ಮೇಲೆ ಗುಂಡುಸೂಜಿಯನ್ನು ಮೆಲ್ಲಗೆ ಅಡ್ಡ ಮಲಗಿಸಿ. ತೇಲುತ್ತದೆ. ಬದಿಗೆ ಒಂದು ತೊಟ್ಟು ಸೋಪಿನ ನೀರು ಬಿಡಿ. ಮುಳುಗುತ್ತದೆ. ಸೋಪಿನ ಅಣುಗಳು ನೀರಿನ ಅಣುಗಳ ನಡುವೆ ನುಗ್ಗಿ ಆ ಅಂಟನ್ನು ಸಡಿಲ ಮಾಡಿದವು.

ಇನ್ನು ಬೆವರು. ಒಂದು ಗ್ರಾಂ ನೀರಿನ ಬಿಸಿ ಒಂದು ಡಿಗ್ರಿ ಏರಲು 4.18 ಜೂಲ್ ಸಾಕು. ಅದೇ ಒಂದು ಗ್ರಾಂ ಬೆವರು ಚರ್ಮದಿಂದ ಆವಿಯಾಗಿ ಹೋಗಲು ಸುಮಾರು 2,400 ಜೂಲ್ ಬೇಕು. ಅಂಟಿಕೊಂಡ ಅಷ್ಟೂ ಕೈ ಬಿಡಿಸಬೇಕಲ್ಲ! ಆ ಬಿಸಿಯನ್ನು ಅದು ನಮ್ಮ ಮೈಯಿಂದಲೇ ತೆಗೆದುಕೊಳ್ಳುತ್ತದೆ, ಮೈ ತಣ್ಣಗಾಗುತ್ತದೆ. ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಬಸ್ಸಿಗೆ ಕಾಯುವಾಗ ಬೆವರು ಇಳಿಯುತ್ತಲೇ ಇದ್ದರೂ ತಂಪಾಗುವುದಿಲ್ಲ. ಕರಾವಳಿಯ ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿರುತ್ತದೆ. ಬೆವರು ಹನಿಯಾಗಿ ಕೆಳಗೆ ಬೀಳುತ್ತದೆ ಹೊರತು ಆವಿಯಾಗುವುದಿಲ್ಲ. ಕೆಳಗೆ ಬಿದ್ದ ಬೆವರಿನಿಂದ ಮೈ ತಂಪಾಗುವುದಿಲ್ಲ. ಬಿಸಿಯನ್ನು ಹೊತ್ತುಕೊಂಡು ಹೋಗುವುದು ಆವಿಯಾದ ಬೆವರು ಮಾತ್ರ. ಪರೀಕ್ಷೆಯಲ್ಲಿ ಲೇಟೆಂಟ್ ಹೀಟ್ (ಆವಿಯಾಗಲು ಬೇಕಾಗುವ ಬಿಸಿ) ಬಗ್ಗೆ ಬರೆಯುವಾಗ ಈ ಬಸ್‌ಸ್ಟ್ಯಾಂಡ್ ನೆನಪಿಸಿಕೊಳ್ಳಿ.

ಕರಗುವುದು ಕೂಡ ಇದೇ ಲೆಕ್ಕ. ಮಲ್ಪೆಯ ಕಡಲಿನ ನೀರು ಒಂದು ಲೀಟರ್ ತಂದರೆ ಬೇಸಿಗೆಯಲ್ಲಿ ಅದರಲ್ಲಿ ಸುಮಾರು 35 ಗ್ರಾಂ ಉಪ್ಪು. ಕಾಣುವುದೇ ಇಲ್ಲ. ಸೋಡಿಯಂ ಅಯಾನಿನ ಸುತ್ತ ನೀರು ತನ್ನ ಮೈನಸ್ ತುದಿ ಮಾಡಿ ನಿಲ್ಲುತ್ತದೆ, ಕ್ಲೋರೈಡ್ ಸುತ್ತ ಪ್ಲಸ್ ತುದಿ ಮಾಡಿ ನಿಲ್ಲುತ್ತದೆ. ಎಣ್ಣೆಗೆ ಹಾಗೆ ಸುತ್ತುವರಿಯಲು ಹಿಡಿತವೇ ಇಲ್ಲ, ಹಾಗಾಗಿ ಅದು ಬೇರೆಯಾಗಿ ನಿಲ್ಲುತ್ತದೆ.

ನಾಲ್ಕನೆಯದು: ಹುಳಿ ಮತ್ತು ಸುಣ್ಣ

ನೀರಿನ ಅಣು ಕೂಡ ಆಗೊಮ್ಮೆ ಈಗೊಮ್ಮೆ ಒಡೆಯುತ್ತದೆ. ಒಂದು ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಅಲ್ಲೇ ಬಿಟ್ಟು ಬರಿ ಪ್ಲಸ್ ಆಗಿ ಹೊರಡುತ್ತದೆ. ಈ ಹೈಡ್ರೋಜನ್ ಅಯಾನು ಜಾಸ್ತಿ ಇದ್ದರೆ ಆಮ್ಲ, ಕಡಿಮೆ ಇದ್ದರೆ ಪ್ರತ್ಯಾಮ್ಲ. ಎಷ್ಟಿದೆ ಎಂದು ಹೇಳುವ ಅಳತೆ ಪಿಎಚ್. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸನ್ ಎಂಬ ವಿಜ್ಞಾನಿ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಲ್ಯಾಬಿನಲ್ಲಿ ಇದನ್ನು ರೂಪಿಸಿದರು. ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕು ಮಾಡುವ ಕಿಣ್ವಗಳ ಕೆಲಸ ಅಳೆಯುವಾಗ ಅವರಿಗೆ ಇದು ಬೇಕಾಯಿತು. ಅಂದರೆ ಪಿಎಚ್ ಹುಟ್ಟಿದ್ದೇ ಬಯಾಲಜಿಗಾಗಿ.

ಮಕ್ಕಳು ಎಡವುವ ಜಾಗ ಒಂದಿದೆ. ಪಿಎಚ್ ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ನಿಂಬೆರಸ 2ರ ಆಸುಪಾಸು, ಶುದ್ಧ ನೀರು 7. ಐದು ಮೆಟ್ಟಿಲು. ವ್ಯತ್ಯಾಸ ಐದು ಪಟ್ಟಲ್ಲ, 1 ಲಕ್ಷ ಪಟ್ಟು. ನಮ್ಮ ರಕ್ತ 7.35ರಿಂದ 7.45ರ ನಡುವೆಯೇ ಇರಬೇಕು. ಓಡಿ ಬಂದ ಮೇಲೆ ಏದುಸಿರು ಬಿಡುತ್ತೀರಲ್ಲ, ಆಗ ಹೊರಹೋಗುವ ಕಾರ್ಬನ್ ಡೈಆಕ್ಸೈಡ್ ಜೊತೆಗೆ ರಕ್ತದ ಹುಳಿಯೂ ಇಳಿಯುತ್ತದೆ. ರಕ್ತದಲ್ಲಿರುವ ಬೈಕಾರ್ಬನೇಟ್ ಹೆಚ್ಚಾದ ಹೈಡ್ರೋಜನ್ ಅಯಾನನ್ನು ಹಿಡಿದುಕೊಳ್ಳುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ. ಬಫರ್ ಎಂದರೆ ಇದೇ.

ಮನೆಯಲ್ಲಿ ಮಾಡಿ ನೋಡಲು ಐದಾರು ಕೆಂಪು ದಾಸವಾಳದ ಎಸಳು ತೆಗೆದುಕೊಳ್ಳಿ. ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಸೋಸಿ. ಒಂದು ಲೋಟಕ್ಕೆ ನಿಂಬೆರಸ ಬಿಡಿ, ಕೆಂಪಾಗುತ್ತದೆ. ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿ, ಹಸಿರಿನ ಕಡೆ ತಿರುಗುತ್ತದೆ. ಅರಿಶಿನ ನೀರಿಗೆ ಎಲೆಅಡಿಕೆಯ ಸುಣ್ಣ ಚಿಟಿಕೆ ಹಾಕಿದರೆ ಕೆಂಪು. ಆರತಿ ತಟ್ಟೆಯ ಕೆಂಪು ನೀರು ಆಗುವುದು ಹಾಗೆ. ಅದಕ್ಕೆ ನಿಂಬೆ ಹಿಂಡಿ, ಮತ್ತೆ ಹಳದಿ. ಸುಣ್ಣ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಅಡಿಕೆ ತೋಟ ಇರುವ ಮನೆಯವರಾದರೆ ಇದಕ್ಕಿಂತ ಒಳ್ಳೆಯ ಪಾಠ ತೋಟದಲ್ಲೇ ಇದೆ. ಮಳೆಗಾಲಕ್ಕೆ ಮೊದಲು ಕೊಳೆರೋಗ ಬಾರದಂತೆ ಮದ್ದು ಬಿಡುತ್ತಾರೆ ಅಲ್ವಾ? ಆ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಮೈಲುತುತ್ತಿನ ನೀರು ಹುಳಿ. ಅದರ ತಾಮ್ರದ ಅಯಾನು ನೀರಿನ ಎಲೆಕ್ಟ್ರಾನನ್ನು ಎಳೆಯುತ್ತದೆ, ಆಗ ನೀರಿನಿಂದ ಹೈಡ್ರೋಜನ್ ಅಯಾನು ಕಳಚಿಕೊಳ್ಳುತ್ತದೆ. ಹುಳಿ ಉಳಿದರೆ ಎಲೆ, ಕಾಯಿ ಸುಡುತ್ತದೆ. ಸುಣ್ಣ ಆ ಹುಳಿಯನ್ನು ಕಳೆಯುತ್ತದೆ. ಸಾಕಷ್ಟು ಸುಣ್ಣ ಬಿತ್ತೋ ಇಲ್ಲವೋ ಎಂದು ನೋಡಲು ಹಿರಿಯರು ತಿಕ್ಕಿದ ಕಬ್ಬಿಣದ ಕತ್ತಿಯನ್ನು ಅದ್ದುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಲೆಕ್ಕ. ಬಿಡಿಯಾಗಿ ಉಳಿದ ತಾಮ್ರದ ಅಯಾನುಗಳು ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಕತ್ತಿಯ ಮೇಲೆ ತಾಮ್ರವಾಗಿ ಕೂತವು. ಮತ್ತೆ ಅದೇ ಹಗ್ಗಜಗ್ಗಾಟ. ಯಾವ ಲ್ಯಾಬಿನ ಲಿಟ್ಮಸ್ ಕಾಗದಕ್ಕಿಂತಲೂ ನನಗೆ ಈ ಕತ್ತಿಯ ಮೇಲೆ ಪ್ರೀತಿ ಜಾಸ್ತಿ.

ಐದನೆಯದು: ಕಾರ್ಬನ್ ಸರ, ನೀರು ತೆಗೆದರೆ ಬೆಸುಗೆ

ಜೀವಿಗಳಲ್ಲಿ ಸಿಗುವ ವಸ್ತುಗಳನ್ನು ಲ್ಯಾಬಿನಲ್ಲಿ ಮಾಡಲು ಆಗುವುದೇ ಇಲ್ಲ ಎಂದು ಹಿಂದೆ ನಂಬಿದ್ದರು. 1828ರಲ್ಲಿ ಜರ್ಮನಿಯ ವೋಲರ್ ಲವಣಗಳಿಂದಲೇ ಯೂರಿಯಾ ತಯಾರಿಸಿದರು. ನಮ್ಮ ಮೂತ್ರದಲ್ಲಿರುವುದೂ ಅದೇ ಯೂರಿಯಾ, ಪಣಂಬೂರಿನ ಕಾರ್ಖಾನೆಯಲ್ಲಿ ತಯಾರಾಗಿ ಗೊಬ್ಬರದ ಚೀಲದಲ್ಲಿ ಬರುವುದೂ ಅದೇ. ಒಂದು ಕಾರ್ಬನ್, ಒಂದು ಆಕ್ಸಿಜನ್, ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಹಿಟ್ಟಿನ ಉಂಡೆಯಲ್ಲಿ ಮಾಡಿ ನೋಡಿ.

ಕಾರ್ಬನ್‌ಗೆ ನಾಲ್ಕು ಕೈ ಇರುವುದರಿಂದ ಸರ ಕಟ್ಟಬಹುದು, ಬಳೆ ಮಾಡಬಹುದು. ಗ್ಲೂಕೋಸ್ ಅಂಥದ್ದು, 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್. ಫ್ರಕ್ಟೋಸ್‌ನಲ್ಲೂ ಅಷ್ಟಷ್ಟೇ, ಜೋಡಣೆ ಮಾತ್ರ ಬೇರೆ. ಎರಡೂ ಸೇರಿದರೆ ಸಕ್ಕರೆ. ಕೂಡಿಸಿದರೆ 12, 24, 12 ಬರಬೇಕು. ಆದರೆ ಪುಸ್ತಕದಲ್ಲಿ 12, 22, 11 ಇದೆ. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಎಲ್ಲಿ ಹೋಯಿತು? ನೀರಾಗಿ ಹೋಯಿತು. ಪಿಷ್ಟ, ಪ್ರೋಟೀನ್, ಕೊಬ್ಬು, ಡಿಎನ್‌ಎ ಎಲ್ಲದರಲ್ಲೂ ಜೋಡಿಸುವಾಗ ನೀರು ಹೊರಗೆ ಹೋಗುತ್ತದೆ, ಜೀರ್ಣ ಮಾಡುವಾಗ ನೀರು ಒಳಗೆ ಸೇರುತ್ತದೆ. ಈ ಒಂದು ಮಾತು ಗೊತ್ತಿದ್ದರೆ ನಾಲ್ಕು ಪಾಠಗಳ ಸಮೀಕರಣ ಸುಮ್ನೆ ಬರೆಯಬಹುದು.

ಕುಚ್ಚಲಕ್ಕಿ ಗಂಜಿಯ ತಿಳಿಗೆ ನೀರು ಸೇರಿಸಿ ಎರಡು ಲೋಟಕ್ಕೆ ಹಾಕಿ. ಉಗುರುಬೆಚ್ಚಗಿರಲಿ. ಒಂದಕ್ಕೆ ಸ್ವಲ್ಪ ಎಂಜಲು ಸೇರಿಸಿ ಕದಡಿ. ಇಪ್ಪತ್ತು ನಿಮಿಷ ಬಿಟ್ಟು, ತಣ್ಣಗಾದ ಮೇಲೆ ಎರಡಕ್ಕೂ ಗಾಯಕ್ಕೆ ಹಚ್ಚುವ ಅಯೋಡಿನ್ ಒಂದೊಂದು ತೊಟ್ಟು. ಬರಿ ತಿಳಿ ಕಡುನೀಲಿ. ಎಂಜಲು ಹಾಕಿದ್ದರಲ್ಲಿ ಬಣ್ಣ ಕಡಿಮೆ. ಎಂಜಲಿನ ಅಮೈಲೇಸ್ ಕಿಣ್ವ ನೀರು ಸೇರಿಸಿ ಪಿಷ್ಟದ ಸರವನ್ನು ತುಂಡು ಮಾಡಿದೆ. ತಿಳಿ ಬಿಸಿ ಇದ್ದರೆ ನೀಲಿ ಬರುವುದಿಲ್ಲ, ಅದಕ್ಕೇ ತಣ್ಣಗಾಗಬೇಕು. ಆ ಲೋಟ ಚೆಲ್ಲಿಬಿಡಿ, ಯಾರೂ ಕುಡಿಯಬಾರದು.

ಬೈಹುಲ್ಲಿನ ಸೆಲ್ಯುಲೋಸ್ ಕೂಡ ಗ್ಲೂಕೋಸಿನ ಸರವೇ. ಕೊಂಡಿ ಮಾತ್ರ ಬೇರೆ ಕಡೆಗೆ ತಿರುಗಿದೆ. ಅಷ್ಟಕ್ಕೇ ನಮ್ಮ ಅಮೈಲೇಸ್‌ಗೆ ಅದು ಹೊಂದುವುದಿಲ್ಲ. ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಹೊಂದುತ್ತದೆ.

ಆರನೆಯದು: ಎರಡು ಎಣ್ಣೆ

ಎರಡು ಸಣ್ಣ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ತೆಂಗಿನೆಣ್ಣೆ, ಇನ್ನೊಂದರಲ್ಲಿ ಸೂರ್ಯಕಾಂತಿ ಎಣ್ಣೆ. ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ತೆಂಗಿನೆಣ್ಣೆ ಕಲ್ಲು, ಇನ್ನೊಂದು ಹಾಗೇ ಹರಿಯುತ್ತದೆ. ಡಿಸೆಂಬರ್ ಬೆಳಗ್ಗೆ ನಮ್ಮಲ್ಲಿ ಫ್ರಿಜ್ಜೂ ಬೇಡ, ಸುಮಾರು 24 ಡಿಗ್ರಿಗೇ ಅದು ಹೆಪ್ಪುಗಟ್ಟುತ್ತದೆ.

ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ ಸುಮಾರು 90 ಸ್ಯಾಚುರೇಟೆಡ್. ಎಂದರೆ ಡಬಲ್ ಬಾಂಡ್ ಇಲ್ಲದ ನೇರ ಸರ. ಅರ್ಧದಷ್ಟು 12 ಕಾರ್ಬನ್ನಿನ ಲಾರಿಕ್ ಆಮ್ಲ. ಹಿಡಿಸೂಡಿ ಕಡ್ಡಿಗಳನ್ನು ಕಟ್ಟಿದಂತೆ ಒತ್ತೊತ್ತಾಗಿ ಕೂರುತ್ತವೆ. ಸೂರ್ಯಕಾಂತಿ ಎಣ್ಣೆಯಲ್ಲಿ ಡಬಲ್ ಬಾಂಡ್ ಇರುವಲ್ಲಿ ಸರ ಬಾಗುತ್ತದೆ. ಬಾಗಿದ ಕಡ್ಡಿಗಳ ಕಟ್ಟು ಬಿಗಿಯಾಗುವುದಿಲ್ಲ. ಬೂತಾಯಿ ಮೀನಿನ ಎಣ್ಣೆಯಲ್ಲಿರುವ ಒಮೆಗಾ 3 ಕೊಬ್ಬಿನಾಮ್ಲ ಒಂದರಲ್ಲಿ 20 ಕಾರ್ಬನ್‌ಗೆ 5 ಡಬಲ್ ಬಾಂಡ್. ತಣ್ಣನೆ ನೀರಲ್ಲೂ ಮೀನಿನ ಕೋಶಪೊರೆ ಬಿಗಿದುಕೊಳ್ಳದಿರಲು ಇಂಥ ಬಾಗು ಬೇಕು.

ಕೋಶಪೊರೆ ಮಾಡಿರುವುದು ಫಾಸ್ಫೋಲಿಪಿಡ್. ಒಂದು ತಲೆ, ಎರಡು ಬಾಲ. ತಲೆಯಲ್ಲಿ ಫಾಸ್ಫೇಟ್, ನೀರಿಗೆ ಇಷ್ಟ. ಬಾಲ ಎಣ್ಣೆ. ನೀರಿನಲ್ಲಿ ಬಿಟ್ಟರೆ ತಲೆಗಳು ಹೊರಗೆ, ಬಾಲಗಳು ಒಳಗೆ ಅಡಗಿ ಎರಡು ಪದರ ಆಗುತ್ತದೆ. ಯಾರೂ ಜೋಡಿಸಬೇಕಿಲ್ಲ. ನೀರು ತನ್ನ ಅಣುಗಳನ್ನು ಹಿಡಿದುಕೊಳ್ಳುವ ಭರದಲ್ಲಿ ಬಾಲಗಳನ್ನು ಒಂದೆಡೆ ತಳ್ಳುತ್ತದೆ. ನಮ್ಮ ಪ್ರತಿ ಜೀವಕೋಶದ ಪೊರೆ ನಿಂತಿರುವುದು ಕೆಸುವಿನೆಲೆಯ ಮೇಲೆ ಹನಿ ಉರುಳಿದ ಅದೇ ಕಾರಣಕ್ಕೆ. ಇದು ಮೊದಲ ಸಲ ಹೊಳೆದ ದಿನ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ.

ಏಳನೆಯದು: ಪ್ರೋಟೀನ್, ಮತ್ತೆ ಸ್ವಲ್ಪ ಡಿಎನ್‌ಎ

20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದರೆ ಪ್ರೋಟೀನ್. ಇನ್ಸುಲಿನ್‌ನಲ್ಲಿ 51 ಇವೆ. ಆ 20ರ ಹೆಸರು ಈಗಲೇ ಕಲಿಯಬೇಡಿ. ಮೂರು ಗುಂಪು ಮಾಡಿ. ಎಣ್ಣೆ ಸ್ವಭಾವದವು, ನೀರಿಗೆ ಹೊಂದುವವು, ಪ್ಲಸ್ ಅಥವಾ ಮೈನಸ್ ಇರುವವು. ಸರ ಮಡಚಿಕೊಳ್ಳುವಾಗ ಎಣ್ಣೆ ಸ್ವಭಾವದವು ಒಳಗೆ ಸೇರುತ್ತವೆ, ಉಳಿದವು ಹೊರಗೆ.

ಸಿಕಲ್ ಸೆಲ್ ಕಾಯಿಲೆ ಇದಕ್ಕೆ ಉದಾಹರಣೆ. ಹಿಮೋಗ್ಲೋಬಿನ್‌ನ ಬೀಟಾ ಸರದಲ್ಲಿ 146 ಅಮೈನೋ ಆಮ್ಲ. ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕು, ಅದು ಮೈನಸ್. ಅದರ ಬದಲು ವ್ಯಾಲೀನ್ ಬಂದರೆ ಅದು ಎಣ್ಣೆ ಸ್ವಭಾವದ್ದು. ಆಕ್ಸಿಜನ್ ಬಿಟ್ಟುಕೊಟ್ಟ ಮೇಲೆ ಹಿಮೋಗ್ಲೋಬಿನ್‌ಗಳು ಆ ಎಣ್ಣೆ ಜಾಗದಲ್ಲಿ ಒಂದಕ್ಕೊಂದು ಅಂಟಿ ಉದ್ದ ಎಳೆಗಳಾಗುತ್ತವೆ. ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದಕ್ಕೆ ಮನುಷ್ಯ ಜೀವನಪೂರ್ತಿ ನೋವು ತಿನ್ನುತ್ತಾನೆ.

ಕಿಣ್ವವನ್ನು ಕಾಲೇಜಿನಲ್ಲಿ ಎಂಜೈಮ್ ಎನ್ನುತ್ತಾರೆ. ಜಾಸ್ತಿ ಕಿಣ್ವಗಳು ಪ್ರೋಟೀನ್‌ಗಳೇ. ಮಡಿಕೆ ಸರಿ ಇದ್ದರೆ ಮಾತ್ರ ಕೆಲಸ. ಬಿಸಿ, ಹುಳಿ ಮಿತಿ ಮೀರಿದರೆ ಮಡಿಕೆ ಬಿಚ್ಚುತ್ತದೆ. ಬೇಯಿಸಿದ ಮೊಟ್ಟೆ ಮತ್ತೆ ತಿಳಿಯಾಗುವುದಿಲ್ಲ. ಎಂಜಲಿನ ಅಮೈಲೇಸ್ ಹೊಟ್ಟೆಯ ಆಮ್ಲಕ್ಕೆ ಬಿದ್ದರೆ ನಿಲ್ಲುತ್ತದೆ. ಪೆಪ್ಸಿನ್ ಮಾತ್ರ ಪಿಎಚ್ 2ರ ಆಸುಪಾಸಿನಲ್ಲೇ ಚುರುಕು.

ಡಿಎನ್‌ಎಗೆ ಇಷ್ಟು ಸಾಕು. ಎರಡು ಎಳೆ, ನಡುವೆ ನೀರಿನಲ್ಲಿ ನೋಡಿದ ಅದೇ ಹೈಡ್ರೋಜನ್ ಬಂಧ. ಎಳೆಗಳಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಬಗೆಯ ಬೇಸ್‌ಗಳಿವೆ. ಎ ಮತ್ತು ಟಿ ನಡುವೆ 2, ಜಿ ಮತ್ತು ಸಿ ನಡುವೆ 3. ಪ್ರತಿಯೊಂದೂ ದುರ್ಬಲ, ಆದ್ದರಿಂದ ಕೋಶಕ್ಕೆ ಬೇಕಾದಾಗ ಎಳೆ ಬಿಡಿಸಲು ಆಗುತ್ತದೆ. ಒಟ್ಟಿಗೆ ಲಕ್ಷಗಟ್ಟಲೆ ಇವೆ, ಆದ್ದರಿಂದ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಕೊನೆಯ ದಿನ: ಬರೆಯುವ ಅಭ್ಯಾಸ

ಒಂದು ಉತ್ತರ ನಾನು ಬರೆದು ತೋರಿಸುತ್ತೇನೆ. ಪ್ರಶ್ನೆ: ಹಲಸಿನ ಉಪ್ಪು ಸೊಳೆ ಮಳೆಗಾಲದವರೆಗೂ ಯಾಕೆ ಕೊಳೆಯುವುದಿಲ್ಲ? ಉತ್ತರ: ಉಪ್ಪಿನ ಅಯಾನುಗಳು ನೀರಿನ ಅಣುಗಳನ್ನು ತಮ್ಮ ಸುತ್ತ ಹಿಡಿದಿಟ್ಟುಕೊಳ್ಳುತ್ತವೆ. ಹೊರಗೆ ಬಿಡುವಾದ ನೀರು ಕಡಿಮೆ, ಬ್ಯಾಕ್ಟೀರಿಯಾದ ಒಳಗೆ ಜಾಸ್ತಿ. ಹಾಗಾಗಿ ಅದರ ಪೊರೆ ದಾಟಿ ನೀರು ಹೊರಗೆ ಬರುತ್ತದೆ, ಬ್ಯಾಕ್ಟೀರಿಯಾ ಬೆಳೆಯಲಾರದು. ಜೊತೆಗೆ ಒಂದು ಚಿತ್ರ, ಅಯಾನಿನ ಸುತ್ತ ನೀರಿನ ತುದಿಗಳು ಯಾವ ಕಡೆಗಿವೆ ಎಂದು.

ಇನ್ನು ಮೂರು ನಿಮಗೆ. ಹೊಳೆ ಬದಿಯ ಗದ್ದೆಗೆ ಕಡಲಿನ ಉಪ್ಪುನೀರು ನುಗ್ಗಿದರೆ ನೀರು ನಿಂತಿದ್ದರೂ ನೇಜಿ (ಭತ್ತದ ಸಸಿ) ಒಣಗುವುದು ಯಾಕೆ? ಬಿಸಿ ಹಾಲಿಗೆ ನಿಂಬೆ ಹಿಂಡಿದಾಗ ಒಡೆಯುವುದು ಯಾವ ಅಣು, ಬಂದು ಸೇರಿದ್ದು ಯಾವ ಅಯಾನು? ಬೂತಾಯಿ ತೊಳೆದ ಕೈಯ ಜಿಡ್ಡು ಬರಿ ನೀರಿಗೆ ಹೋಗದೆ ಸೋಪಿಗೆ ಹೋಗುತ್ತದೆ. ಸೋಪಿನ ಅಣುವಿಗೆ ತಲೆ ಎಲ್ಲಿ, ಬಾಲ ಎಲ್ಲಿ ಎಂದು ಬರೆದು ತೋರಿಸಿ.